ಬಾಣಂತಿ ಕೋಣೆಗೆ ಬಂದ ರೇಡಿಯೊ ಯಂತ್ರ

ನಮ್ಮ ಮನೆಗೆ ಬಂದದ್ದು ಅರ್ಧ ಯಂತ್ರ. ಮಿಕ್ಕಿದ್ದೆಲ್ಲ ನಮ್ಮ ಯಜಮಾನರ ಭ್ರಮೆ. ಮಕ್ಕಳು ಏನೇ ಕತೆ ಕಟ್ಟಲಿ, ನಡೆದದ್ದು ಇಷ್ಟೇ.

ಇವತ್ತು ಜಡಿಮಳೆ. ಮರಿಮಗಳ ಬಟ್ಟೆ ತೆಗೆಯಲು ಆ ಯಂತ್ರದ ಕಬ್ಬಿಣದ ಪೆಟ್ಟಿಗೆಯ ಬಾಗಿಲು ಎಳೆದೆ. ಸಾಂಬ್ರಾಣಿಯ ಜೊತೆಗೆ ಹಳೆಯ ಸುಟ್ಟ ಧೂಳಿನ ವಾಸನೆ ಇವತ್ತೂ ಬಂತು. ನಿಮಗೆ ನಗು ಬರಬಹುದು; ನನಗೆ ಈಗಲೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆ. ಗುಬ್ಬಿಗೆ ಕೊಟ್ಟಿದ್ದ ಮಗಳು ಪಾರ್ವತಿ ಚೊಚ್ಚಲ ಹೆರಿಗೆಗೆ ಬರಬೇಕಿತ್ತು. ನಮ್ಮ ಉಪ್ಪಾರಹಳ್ಳಿ ಮನೆಯಲ್ಲಿ ಇದ್ದದ್ದು ಒಂದೇ ಒಳಕೋಣೆ. ಅದನ್ನು ಸಾರಿಸಿ ಹೊರಗೆ ಬಂದರೆ ಬಾಗಿಲಲ್ಲಿ ಎತ್ತಿನ ಗಾಡಿ. ಅದರ ಮೇಲೆ ಆಳೆತ್ತರದ ಪೆಟ್ಟಿಗೆ. ಮುಂದೆ ಮುಳ್ಳಿನ ಮೀಟರು, ಮೈತುಂಬ ಗಾಳಿಗಂಡಿ. ಪಕ್ಕದಲ್ಲಿ ಯಜಮಾನರು, ಅವರ ಗೆಳೆಯ ಸಿದ್ದಪ್ಪ. ಅವನದು ಕುಣಿಗಲ್ಲಿನಲ್ಲಿ ರೇಡಿಯೊ ರಿಪೇರಿ ಅಂಗಡಿ.

"ರೇಡಿಯೊ ಸ್ಟೇಷನ್ನಿಂದು ಕಣೇ! ಹರಾಜಲ್ಲಿ ಸಿಕ್ತು. ಮೈಕ್ ಸೆಟ್ಟು ಮಾಡಿ ಮದುವೆಗಳಿಗೆ ಬಾಡಿಗೆಗೆ ಬಿಡ್ತೀನಿ."

"ಒಳಗೇನಿದೆ, ನೋಡಿದ್ರಾ?"

"ಅಮಾವಾಸ್ಯೆ ದಿನ ಯಾರಾದ್ರೂ ಯಂತ್ರ ಬಿಚ್ತಾರಾ? ಒಳ್ಳೇ ದಿನ ಬರ್ಲಿ ಬುಡು."

ಕೊಳ್ಳುವುದಕ್ಕೆ ಅಮಾವಾಸ್ಯೆ ಅಡ್ಡ ಬರಲಿಲ್ಲ, ಬಿಚ್ಚುವುದಕ್ಕೆ ಬಂತು!

ತೇವ ತಗುಲಬಾರದೆಂದು ಅದು ನೇರ ಒಳಕೋಣೆಗೆ ಹೋಯಿತು. ಮೀಟರಿನ ಮೇಲೆ ಮೂರು ಬೆರಳಿನ ವಿಭೂತಿ, ನೆತ್ತಿಗೆ ಹೂವು. ನೋಡಲು ಬಂದವರಲ್ಲಿ ಒಬ್ಬ ಅದನ್ನು ಮಿಲಿಟರಿಯದು ಎಂದ, ಇನ್ನೊಬ್ಬ ಹಡಗಿನದು ಎಂದ. ಕಾಲು ಊದಿಸಿಕೊಂಡು ಬಂದ ಪಾರ್ವತಿ ಬಾಗಿಲಲ್ಲೇ ನಿಂತಳು.

"ಅಪ್ಪಾ, ನಾನೆಲ್ಲಿ ಮಲಗ್ಲಿ?"

"ಸೋಮವಾರದ ತನಕ ನಡುಮನೇಲಿ ಮಲಗವ್ವ."

ಗಾಳಿ ಬೀಸುವ ನಡುಮನೆ! ದಿನ ತುಂಬಿದ ಹುಡುಗಿ!

ಸೋಮವಾರ ನಿಂಬೆಹಣ್ಣು ತುಳಿದು, ಊದುಕಡ್ಡಿ ಬೆಳಗಿ, ಪೆಟ್ಟಿಗೆಯ ಬೆನ್ನು ಬಿಚ್ಚಿ ಸ್ವಿಚ್ಚು ಒತ್ತಿದರು. ಬದನೆಕಾಯಿ ಗಾತ್ರದ ಗಾಜಿನ ವಾಲ್ವುಗಳು ಕೆಂಪಗಾದವು. ಮನೆಯ ಬಲ್ಬು ಮಂಕಾಯಿತು. ಧೂಳು ಸುಟ್ಟ ನಾತ, ಗುಂಯ್ ಎನ್ನುವ ಶಬ್ದ. ಅಷ್ಟೇ. ಸಿದ್ದಪ್ಪ ಸ್ವಿಚ್ಚು ಆರಿಸಿ, ಬಹಳ ಹೊತ್ತು ಒಳಗೆ ಇಣುಕಿದ.

"ಅಣ್ಣಾ, ಹಾಡೋ ಭಾಗ ಇದ್ರಲ್ಲಿಲ್ಲ. ಇದು ಅದಕ್ಕೆ ಕರೆಂಟು ಉಣಿಸೋ ಪೆಟ್ಟಿಗೆ."

"ಮತ್ತೆ ಹಾಡೋದು ಎಲ್ಲೋ?"

"ಹರಾಜಲ್ಲಿ ಪಕ್ಕದಲ್ಲೇ ಇತ್ತಲ್ಲ, ಅದಿರ್ಬೇಕು. ಚಿಕ್ಕದು, ಬ್ಯಾಡ ಅಂದೋರು ನೀವೇ."

ಪಾರ್ವತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನಗಲಿಲ್ಲ.

"ಸಿದ್ದಪ್ಪ, ಒಳಗಿರೋದೆಲ್ಲ ಕಿತ್ಕೊಂಡು ಹೋಗು. ಪೆಟ್ಟಿಗೆ ನಂದು."

"ಅಯ್ಯೋ, ಸ್ಟೇಷನ್ ಯಂತ್ರ ಕಣೇ ಅದು!" ಎಂದರು ಯಜಮಾನರು.

"ನನ್ನ ಮಗಳು ನಡುಮನೇಲಿ ಹೆರ್ಬೇಕೇನ್ರೀ?"

ಸಂಜೆ ಬಸ್ಸಿಗೆ ವಾಲ್ವು, ತಾಮ್ರದ ಸುರುಳಿ ಎಲ್ಲವೂ ಗೋಣಿಚೀಲದಲ್ಲಿ ಕುಣಿಗಲ್ಲಿಗೆ ಹೋದವು.

ಈಗ ಯಜಮಾನರಿಲ್ಲ, ಪೆಟ್ಟಿಗೆ ಇದೆ. ಇವತ್ತೂ ಬೈಯುತ್ತಲೇ ಬಾಗಿಲು ತೆಗೆದೆ; ಆದರೆ ಬಟ್ಟೆ ಗರಿಗರಿಯಾಗಿತ್ತು. ಆ ಗಾಳಿಗಂಡಿ ಕೊರೆದವನು ಯಾರೋ, ಬುದ್ಧಿವಂತ. ಇದನ್ನು ಅವರಿದ್ದಾಗ ನಾನು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ತರುತ್ತಿದ್ದರು.

ಅಂದು ಸಿದ್ದಪ್ಪ ಹೋದ ಮಾರನೆಯ ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ಹಿತ್ತಿಲ ಜಗಲಿಗೆ ಎಳೆಸಿದೆ. ವಿಭೂತಿ ಒರೆಸಿದೆ. ಕೋಣೆಯಲ್ಲಿ ಮಗಳಿಗೆ ಮಂಚ ಹಾಕಿದೆ. ಹುಟ್ಟುವ ಕೂಸಿಗೆಂದು ಹಳೇ ಸೀರೆ ಹರಿದು ಒಗೆದಿದ್ದ ಬಟ್ಟೆಗಳನ್ನು ಪೆಟ್ಟಿಗೆಯೊಳಗೆ ತೂಗುಹಾಕಿ, ತಳದಲ್ಲಿ ಕೆಂಡದ ಬಾಂಡ್ಲಿ ಇಟ್ಟು, ಸಾಂಬ್ರಾಣಿ ಉದುರಿಸಿ ಬಾಗಿಲು ಮುಚ್ಚಿದೆ. ಗಂಡಿಗಳಿಂದ ಹೊಗೆ ಹದವಾಗಿ ಬರತೊಡಗಿತು. ಬಾಯಿಬಿಟ್ಟು ನೋಡುತ್ತಿದ್ದ ಯಜಮಾನರ ಕೈಗೆ ಚೀಲ ಕೊಟ್ಟು, ಇದ್ದಲು ತರಲು ಕಳಿಸಿದೆ.