ಬಿಸಿಯಾದರೆ ಸುಮ್ಮನಾಗುವ ಟೈರು

ನಮ್ಮವರು ಸಾಹೇಬರ ಕಾರು ಓಡಿಸುತ್ತಿದ್ದರು. ಸಯನ್‌ನಲ್ಲಿ ನಮ್ಮ ಚಾಳಿನಿಂದ ಎರಡು ಗಲ್ಲಿ ಆಚೆ ಸಾಹೇಬರ ಬಿಲ್ಡಿಂಗ್. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದ್ದರಿಂದ ರಾತ್ರಿಯಾದರೆ ಅದು ನಮ್ಮ ಚಾಳಿನ ಕೆಳಗೇ ಬಂದು ನಿಲ್ಲುತ್ತಿತ್ತು. ನಾಲ್ಕು ಬಾಗಿಲು, ಹಿಂದೆ ದೊಡ್ಡ ಡಿಕ್ಕಿ, ಬೂದು ಬಣ್ಣ. ಚಾಳಿನ ಹೆಂಗಸರು ಅದನ್ನು ‘ನಿಮ್ಮ ಗಾಡಿ’ ಎನ್ನುತ್ತಿದ್ದರು. ನಾನೂ ಅಲ್ಲವೆನ್ನುತ್ತಿರಲಿಲ್ಲ. ಬೇರೆಯವರ ಕಾರಿಗೆ ಇಷ್ಟು ಜಂಭಪಟ್ಟವಳು ಇಡೀ ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು.

ಊರ ಕಡೆ ಹೋಗುವ ದಾರಿಯಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮೇಲೆ ಹೊಸ ಸೇತುವೆ ಆಗಿ ಹೆಚ್ಚು ಕಾಲವಾಗಿರಲಿಲ್ಲ. ನನಗೆ ಆಗ ಚೊಚ್ಚಲ ಬಸಿರು, ಏಳನೆಯ ತಿಂಗಳು. ಬಿಜಾಪುರದಾಚೆಯ ನಮ್ಮೂರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ತಾಯಿ ಕೊಟ್ಟ ಕುಪ್ಪಸ ತೊಡಿಸಿ ಆರತಿ ಎತ್ತುತ್ತಾರೆ. ಅವ್ವ ಮಲಗಿದಲ್ಲಿಂದಲೇ ನನ್ನ ತಂಗಿಗೆ ಹೇಳಿ ಹೇಳಿ ಖಣದ ಕುಪ್ಪಸ ಹೊಲಿಸಿ ಇಟ್ಟಿದ್ದಾಳೆ ಎಂದು ಊರಿಂದ ಬಂದವರು ಹೇಳಿದರು. ‘ಆಕೀನ ಹೊಟ್ಟಿ ಒಮ್ಮೆ ಕಣ್ಣಲೆ ನೋಡಬೇಕು’ ಅಂತಾಳೆ, ಬೇರೆ ಮಾತೇ ಇಲ್ಲ ಎಂದರು. ಅದನ್ನು ಕೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಆ ನೂಕುನುಗ್ಗಲಿನಲ್ಲಿ ರೈಲು ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು.

ಇದು ಹೇಗೋ ಸಾಹೇಬರ ಕಿವಿಗೆ ಬಿತ್ತು. ಬುಧವಾರದಿಂದ ಸೋಮವಾರದ ತನಕ ತಾವು ಮುಂಬಯಿಯಲ್ಲಿ ಇರುವುದಿಲ್ಲ, ಕಾರು ತೆಗೆದುಕೊಂಡು ಹೋಗಿ ಬಾ ಎಂದರು. ಒಳ್ಳೆಯ ಮನುಷ್ಯ. ಆದರೆ ಕಾರಿನ ಟೈರು ಬೋಳಾಗಿದ್ದವು. ಹೇಗೂ ಬದಲಿಸಬೇಕು, ನೀನೇ ನೋಡಿ ತಾ ಎಂದು ಅದನ್ನೂ ನಮ್ಮವರಿಗೇ ಒಪ್ಪಿಸಿದರು. ಸಾಹೇಬರ ತಾಯಿಗೆ ಸೊಂಟನೋವು, ಅವರಿಗೆ ಟೈರು ಮೆತ್ತಗಿರಬೇಕು; ಸಾಹೇಬರಿಗೆ ಬಾಳಿಕೆ ಬರಬೇಕು.

“ಮೆತ್ತಗೂ ಇರಬೇಕಂತ, ಗಟ್ಟೀನೂ ಇರಬೇಕಂತ. ಟೈರ್ ಅಲ್ಲ, ಸೊಸಿ ಹುಡುಕಾಕ ಹತ್ಯಾರ ನೋಡು,” ಎಂದು ನಮ್ಮವರು ನನ್ನ ಕಡೆ ನೋಡಿ ನಕ್ಕರು. ಒಳಗಿದ್ದ ಅತ್ತೆಗೂ ಕೇಳಿಸಲಿ ಎಂದೇ ಗಟ್ಟಿಯಾಗಿ ಅಂದದ್ದು.

ಧಾರಾವಿಯ ಅಂಚಿನಲ್ಲಿ ನಮ್ಮ ಬಿಜಾಪುರ ಕಡೆಯ ಸಾಬರೊಬ್ಬರ ಟೈರಿನ ಅಂಗಡಿ ಇತ್ತು. ಮೆತ್ತಗಿರುವುದು ಬಿರುಸಿರುವುದು ನಿನಗೇ ಗೊತ್ತಾಗಬೇಕು ಎಂದು ನನ್ನನ್ನೂ ಕರೆದುಕೊಂಡು ಹೋದರು. ಸಾಬರು ನನಗೆ ಸ್ಟೂಲು ಹಾಕಿಸಿ, ಚಹಾ ತರಿಸಿ, ಎರಡು ಜಾತಿಯ ಟೈರು ಉರುಳಿಸಿಕೊಂಡು ಬಂದರು. ಒಂದರೊಳಗೆ ರೇಯಾನ್ ದಾರ. ಇಷ್ಟು ದಿನ ಕಾರಿಗಿದ್ದದ್ದು ಅದೇ. ಮೆತ್ತಗೆ, ಆದರೆ ಬೇಗ ಸವೆಯುತ್ತದೆ. ಇನ್ನೊಂದು ನೈಲಾನ್, ಬಿರುಸು.

“ಭಾಯ್, ನೈಲಾನ್ ಹಾಕು. ನೀ ಸವದ್ರೂ ಇದು ಸವಿಯಂಗಿಲ್ಲ,” ಎಂದರು ಸಾಬರು. “ಮೆತ್ತಗ ಬೇಕಂದ್ರ ಹವಾ ಜರಾ ಕಮ್ಮಿ ಇಡು, ಗಾದಿ ಆಗತೈತಿ.”

ನನ್ನ ಮನಸ್ಸು ರೇಯಾನ್ ಮೇಲಿತ್ತು. ಆಗಲೇ ಬೆನ್ನು ನೋಯುತ್ತಿತ್ತು. ನಮ್ಮವರು ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. “ನಿನ್ನ ಒಂದ ಸಲ ಒಯ್ಯೂದರಾಗ ಮುಗೀತೇನು? ಕೂಸಿನ್ನ ತೋರಸಾಕ ಹೋಗಬೇಕು, ಜಾವಳಕ್ಕ ಹೋಗಬೇಕು. ಸಾಹೇಬರು ಒಮ್ಮೆ ಕೊಟ್ಟವ್ರು ಮತ್ತ ಕೊಡ್ತಾರ. ಬಾಳಿಕಿ ಬರೂದ ಇರಲಿ.” ಆ ಮಾತಿಗೆ ನನ್ನ ಬೆನ್ನುನೋವು ಎಲ್ಲಿ ಹೋಯಿತೋ. ತವರಿಗೆ ಮತ್ತೆ ಮತ್ತೆ ಹೋಗುವ ದಾರಿಯನ್ನೇ ಅವರು ಕೊಂಡುಕೊಂಡ ಹಾಗೆ ಅನಿಸಿತು.

ಬುಧವಾರ ಟೈರು ಹಾಕಿಸಿದ್ದಾಯಿತು, ಸಾಬರು ಹೇಳಿದಂತೆ ಹವೆಯನ್ನೂ ಸ್ವಲ್ಪ ಕಮ್ಮಿ ಇಡಿಸಿದ್ದಾಯಿತು. ಒಗ್ಗಲಿ ಎಂದು ನಮ್ಮವರು ಉರಿಬಿಸಿಲಲ್ಲೇ ಥಾಣೆಯವರೆಗೆ ಓಡಿಸಿಕೊಂಡು ಬಂದರು. ಆಮೇಲೆ ಕಾರು ಅತ್ತೆಯ ವಶವಾಯಿತು. ಗುರುವಾರ ಅಮಾವಾಸ್ಯೆ, ಬಸುರಿ ಹೊರಡುವಂತಿಲ್ಲ. ಶುಕ್ರವಾರ ಮನೆಯ ಹೆಣ್ಣುಮಗಳನ್ನು ಕಳಿಸುವಂತಿಲ್ಲ. ಶನಿವಾರ ಹೊರಟರೆ ಅವ್ವನ ಹತ್ತಿರ ಒಂದು ದಿನ ಕೂರುವುದೂ ಆಗುವುದಿಲ್ಲ. ಇದಕ್ಕೆಲ್ಲ ಅತ್ತೆಯ ಹತ್ತಿರ ಉಪಾಯವಿತ್ತು: ಪ್ರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಸಾಮಾನನ್ನು ಮನೆಯಿಂದ ಹೊರಗಿಟ್ಟುಬಿಟ್ಟರೆ ಆಗಲೇ ಹೊರಟ ಲೆಕ್ಕ. ಆಮೇಲೆ ಶುಕ್ರವಾರ ಹೋದರೂ ದೋಷವಿಲ್ಲ.

ಬೇರೆ ಯಾರಾದರೂ ಒಂದು ಸಣ್ಣ ಗಂಟು ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮತ್ತೆ ಎಲ್ಲದರಲ್ಲೂ ಒಂದು ಕೈ ಮೇಲೆ. ಬುಧವಾರ ಸಂಜೆಯ ಗಳಿಗೆಗೆ ಟ್ರಂಕು, ತಂಗಿಗೆಂದು ಕೊಂಡಿದ್ದ ಹಳೆಯ ಹೊಲಿಗೆ ಮಷೀನು, ತೆಂಗಿನಕಾಯಿಯ ಚೀಲ, ಬಕೆಟ್ಟು, ಹಾಸಿಗೆ ಸುರುಳಿ ಎಲ್ಲವೂ ಕಾರಿಗೆ ಏರಿದವು. ಕಾರು ಕುಕ್ಕರಗಾಲಲ್ಲಿ ಕೂತಂತೆ ಕಂಡಿತು. ರಾತ್ರಿಗೆ ಭಾರದ್ದನ್ನು ಇಳಿಸಿಡೋಣ ಎಂದು ನಮ್ಮವರು ಬಾಯಿ ತೆರೆದರೆ, “ತಮ್ಮಾ, ಪ್ರಸ್ಥಾನ ಇಟ್ಟಿದ್ದು ಮತ್ತ ಹೊಸ್ತಿಲಾ ದಾಟಿ ಒಳಗ ಬರಬಾರದು,” ಎಂದುಬಿಟ್ಟರು ಅತ್ತೆ. ಓಡಿ ಬಿಸಿಯಾಗಿದ್ದ ಹೊಸ ಟೈರುಗಳು ಕಮ್ಮಿ ಹವೆಯಲ್ಲಿ ಅಷ್ಟು ಭಾರ ಹೊತ್ತು, ಒಂದಿಂಚು ಕದಲದೆ ಶುಕ್ರವಾರದವರೆಗೆ ನಿಂತವು.

ಶುಕ್ರವಾರ ಬೆಳಕು ಹರಿಯುವ ಮುಂಚೆ ಹೊರಟೆವು. ಗಲ್ಲಿ ದಾಟುವುದರೊಳಗೇ ಕೆಳಗಿನಿಂದ ಧಬ್ ಧಬ್ ಎಂಬ ಸದ್ದು ಎದ್ದಿತು. ಪ್ರತಿ ಧಬ್‌ಗೂ ಸೀಟು ಕುಪ್ಪಳಿಸುತ್ತಿತ್ತು. ನಮ್ಮವರು ಇಳಿದು ನಾಲ್ಕೂ ಟೈರು ಬಡಿದು ನೋಡಿದರು, ಪಂಕ್ಚರ್ ಇರಲಿಲ್ಲ. ನನ್ನ ಹೊಟ್ಟೆ ಅಲುಗದಿರಲಿ ಎಂದು ಎತ್ತಿನ ಗಾಡಿಗಿಂತ ನಿಧಾನ ಓಡಿಸಿದರು. ಸದ್ದು ನಿಲ್ಲಲಿಲ್ಲ. ಚೆಂಬೂರಿನಲ್ಲಿ ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡದ್ದನ್ನು ಕನ್ನಡಿಯಲ್ಲಿ ನೋಡಿಬಿಟ್ಟರು.

“ನೋವ ಬರಾಕ ಹತ್ತೇತೇನು?”

“ಇಲ್ರೀ. ಕೂಸು ಒದ್ದತು. ನೀವು ನಡೀರಿ.”

ಅವರು ನಂಬಲಿಲ್ಲ. ಸೇತುವೆ ಇನ್ನೂ ಮುಂದಿತ್ತು. ಅವರು ರಸ್ತೆಯ ಬದಿಗೆ ನಿಲ್ಲಿಸಿದರು. ಟೈರು ಕೆಟ್ಟದ್ದು ಬಂದಿದೆ, ಘಾಟಿನಲ್ಲಿ ಒಡೆದರೆ ಏನು ಗತಿ ಎಂದರು. ಕಾರು ತಿರುಗಿಸಿದರು. ನನಗೆ ಹೋಗಬೇಕಿತ್ತು. ಕುಪ್ಪಳಿಸಿಕೊಂಡೇ ಆಗಲಿ, ತೆವಳಿಕೊಂಡೇ ಆಗಲಿ ಹೋಗಬೇಕಿತ್ತು. ಆದರೆ ಅವರ ಮುಖ ನೋಡಿ, ‘ಆತು, ಮನೀಗೇ ನಡೀರಿ’ ಎಂದೆ.

ಶುಕ್ರವಾರ ಸಾಬರ ಅಂಗಡಿ ಮುಚ್ಚಿರುತ್ತಿತ್ತು. ಶನಿವಾರ ಮಧ್ಯಾಹ್ನ ಅವರೇ ಬಂದು, ಕಾರಿನಲ್ಲಿ ಕೂತು ಒಂದು ಸುತ್ತು ಹೋಗಿ ಬಂದು ಹೇಳಿದರು. “ಟೈರ್‌ಗೆ ಏನೂ ಆಗಿಲ್ಲ ಭಾಯ್. ನೈಲಾನ್ ಹಂಗ ಐತಿ. ಬಿಸಿ ಇದ್ದಾಗ ಭಾರ ಹಾಕಿ ನಿಲ್ಲಿಸಿದ್ರ ತಳ ಚಪ್ಪಟ ಆಗತೈತಿ. ನೀ ಜೋರ್ ಓಡಿಸಬೇಕಿತ್ತು. ನಾಕ ಮೈಲಿ ಓಡಿ ಬಿಸಿ ಆತಂದ್ರ ತಾನ ಗುಂಡಗ ಆಗಿ ಸುಮ್ಮನಾಗತೈತಿ.” ನಮ್ಮವರು ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಅತ್ತೆ ಒಳಗೆ ಹೋಗಿ ದೇವರ ಮುಂದೆ ಕೂತರು. ಅಷ್ಟು ದೂರ ಹೋಗಿ ಸೋಮವಾರ ಬೆಳಿಗ್ಗೆ ಸಾಹೇಬರನ್ನು ಕರೆತರಲು ವಾಪಸಾಗುವಷ್ಟು ಹೊತ್ತು ಉಳಿದಿರಲಿಲ್ಲ. ಮುಂದಿನ ವಾರದಿಂದ ನನ್ನ ಕಾಲು ಊದಿಕೊಂಡವು, ಡಾಕ್ಟರಮ್ಮ ಚಾಳಿನ ಮೆಟ್ಟಿಲು ಇಳಿಯುವುದಕ್ಕೂ ಬಿಡಲಿಲ್ಲ.

ಟೈರು ಮಾತ್ರ ಸಾಬರು ಹೇಳಿದಂತೆಯೇ ಬಾಳಿದವು. ದಿನಾ ಬೆಳಿಗ್ಗೆ ಕಾರು ಹೊರಟಾಗ ಗಲ್ಲಿಯ ಕೊನೆಯವರೆಗೂ ಸಣ್ಣಗೆ ಧಬ್ ಧಬ್ ಕೇಳಿಸುತ್ತಿತ್ತು. ನಾನು ಒಲೆಯ ಮುಂದೆ ಕೂತು ಮನಸ್ಸಿನಲ್ಲೇ ಕಾರಿನ ಹಿಂದೆ ಹೋಗುತ್ತಿದ್ದೆ. ಈಗ ಚೆಂಬೂರು, ಈಗ ಸೇತುವೆ, ಈಗ ಬಿಸಿಯಾಗಿರಬೇಕು, ಈಗ ಸುಮ್ಮನಾಗಿರಬೇಕು. ಪಾಪ, ಅವರು ಹೋಗುತ್ತಿದ್ದದ್ದು ಸಾಹೇಬರ ಆಫೀಸಿಗೆ, ಊರಿನ ದಿಕ್ಕಿಗಲ್ಲ. ನಮ್ಮವರು ತೀರಿಹೋಗಿ ಬಹಳ ಕಾಲವಾಯಿತು. ನನಗೆ ಇಂದಿಗೂ ಆ ಸದ್ದು ಬೇಕೆನಿಸುತ್ತದೆ.

ಕೂಸಿಗೆ ಐದು ತಿಂಗಳಾದಾಗ ರೈಲಿನಲ್ಲಿ ಊರಿಗೆ ಹೋದೆವು. ಅವ್ವ ಅಷ್ಟರಲ್ಲಿ ಹೋಗಿಬಿಟ್ಟಿದ್ದಳು. ತಂಗಿ ಆ ಖಣದ ಕುಪ್ಪಸ ತಂದುಕೊಟ್ಟಳು. ತುಂಬು ಬಸುರಿಯ ಮೈಗೆಂದು ಹೊಲಿಸಿದ್ದು, ಬಾಣಂತನ ಮುಗಿದ ನನಗೆ ದೊಗಳೆಯಾಗಿತ್ತು. ಆದರೂ ತೊಟ್ಟುಕೊಂಡು ಅವ್ವ ಮಲಗುತ್ತಿದ್ದ ಜಾಗದಲ್ಲಿ ಕೂತೆ. ನಾವು ಬರುತ್ತೇವೆಂದು ತಂತಿ ಕೊಟ್ಟಿದ್ದ ಆ ಶುಕ್ರವಾರ ಅವ್ವ ಹಾಸಿಗೆಯನ್ನು ಬಾಗಿಲಿಗೆ ಎಳೆಸಿಕೊಂಡು, ಕತ್ತಲಾಗುವ ತನಕ ರಸ್ತೆ ನೋಡುತ್ತಿದ್ದಳಂತೆ. ಲಾರಿ ಬಂದರೂ, ‘ಬಂದ್ರೇನ ನೋಡು’ ಎನ್ನುತ್ತಿದ್ದಳಂತೆ.

ತಂಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು. “ಅಕ್ಕಾ, ಅವತ್ತ ಗಾಡಿಗೆ ಏನಾಗಿತ್ತ?”

ನಮ್ಮವರು ಹೊರಗೆ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

“ಏನೂ ಆಗಿರಲಿಲ್ಲವ್ವಾ,” ಎಂದೆ.