ಹಿಸಾನೋ ಹಂಚಬೇಕಾದ ಅನ್ನ

ನಮ್ಮ ಓಣಿಯ ಮೂಲೆಯಲ್ಲಿ ಜಿಝೋ ದೇವರ ಸಣ್ಣ ಗುಡಿಯಿದೆ. ಮೊಳದೆತ್ತರದ ಕಲ್ಲು, ಕೊರಳಿಗೆ ಕೆಂಪು ಬಟ್ಟೆ. ಓಣಿಯ ಹೆಂಗಸರು ಸರದಿಯ ಮೇಲೆ ನೀರು, ಹೂವು ಇಡುತ್ತೇವೆ. ಕ್ಯೋಟೋಗೆ ಬಂದ ಹೊಸತರಲ್ಲಿ ನನ್ನ ಸರದಿ ಬಿದ್ದದ್ದು ಪಕ್ಕದ ಮನೆಯ ಹಿಸಾನೋ ಸಾನ್ ಜೊತೆ; ಸಾನ್ ಅಂದರೆ ನಮ್ಮ 'ಅವರು' ಇದ್ದಂತೆ. ಬೆಳಿಗ್ಗೆ ಹಳೆಯ ಸ್ವೆಟರಿನಲ್ಲಿ ಹೂದಾನಿ ತೊಳೆಯುವ ಇವರೇ ಸಂಜೆ ರೇಷ್ಮೆ ಕಿಮೋನೋ ಉಟ್ಟು ಟ್ಯಾಕ್ಸಿ ಹತ್ತುವ, ಔತಣಗಳಲ್ಲಿ ನೃತ್ಯ, ಸಂಗೀತ ನಡೆಸಿಕೊಡುವ ಗೇಶಾ ಎಂದು ನನಗೆ ಬಹಳ ದಿನ ಹೊಳೆಯಲೇ ಇಲ್ಲ.

ಅವರ ಊರು ನೋಮಿ. ತಂದೆ ಪಿಂಗಾಣಿ ಭಟ್ಟಿಯಲ್ಲಿ ಕೆಲಸಕ್ಕಿದ್ದರು. ಗೇಶಾ ಆಗಬೇಕೆಂದು ಹಂಬಲಿಸಿದವಳು ಹಿಸಾನೋ ಅಲ್ಲ, ಶಾಲೆಯ ಗೆಳತಿ. ಅವಳಿಗೆ ಜೊತೆಯಾಗಿ ಇವರೂ ರೈಲು ಹತ್ತಿದರು. ಗೆಳತಿ ವಾರದೊಳಗೆ ಅತ್ತು ಊರಿಗೆ ಹಿಂದಿರುಗಿದಳು. ಜೊತೆಗೆ ಬಂದವರು ಉಳಿದರು.

"ಯಾಕೆ ಉಳಿದಿರಿ?" ಎಂದು ಕೇಳಿದ್ದೆ.

"ಇವತ್ತಿಗೂ ಗೊತ್ತಿಲ್ಲ ಕುಮುದಾ ಸಾನ್. ಅವಳ ಅದೃಷ್ಟದ ಚೀಟಿ ನನ್ನ ಕೈಗೆ ಬಂತೇನೋ." ನಮ್ಮ ಕಡೆ ಅದಕ್ಕೆ ಹಣೆಯಲ್ಲಿ ಬರೆದದ್ದು ಅಂತೀವಿ ಎಂದಿದ್ದೆ.

ನೃತ್ಯ ಅವರಿಗೆ ಒಲಿಯಲಿಲ್ಲ. ಅವರನ್ನು ಸಾಕಿ ಕಲಿಸಿದ ಗೇಶಾ ಮನೆಯ ಒಡತಿ ಸೆತ್ಸು, "ನೀನು ಕುಣಿದರೆ ನೆಲಕ್ಕೇ ಅಯ್ಯೋ ಅನ್ಸುತ್ತೆ" ಎಂದು ಹಂಗಿಸಿ, ಮೂರು ತಂತಿಯ ಶಾಮಿಸೆನ್ ವಾದ್ಯವನ್ನು ಕೈಗಿತ್ತರು. ಬೆರಳು ಒಡೆದು ರಕ್ತ ಬಂದರೂ ಹಿಸಾನೋ ಬಿಡಲಿಲ್ಲ. ಕೊರೋನಾ ಸೋಂಕಿನ ಕಾಲದಲ್ಲಿ ಔತಣಗಳೆಲ್ಲ ನಿಂತು, ಜೊತೆಯವರು ಅಂಗಡಿ ಕೆಲಸಕ್ಕೆ ಹೋದಾಗಲೂ ಗೋಡೆಯಾಚೆಯಿಂದ ಅವರ ಅಭ್ಯಾಸ ಕೇಳಿಸುತ್ತಿತ್ತು. ನನ್ನ ದೇವರ ದೀಪದ ಹೊತ್ತೂ ಅದೇ ಆಗಿಬಿಟ್ಟಿತ್ತು.

ಕಳೆದ ವರ್ಷ ಒಂದು ಬೆಳಿಗ್ಗೆ ಎಡಗಿವಿಯೊಳಗೆ ನೀರು ನಿಂತಂತಾಯಿತಂತೆ. ಆ ನೀರು ಇಳಿಯಲಿಲ್ಲ. ಒಂದೇ ತಂತಿ ಎಡಕ್ಕೊಂದು ಶ್ರುತಿ, ಬಲಕ್ಕೊಂದು ಶ್ರುತಿಯಾಗಿ ಕೇಳತೊಡಗಿತು. ಸರಿಯಾಗಬಹುದು, ಆಗದಿರಲೂಬಹುದು ಎಂದರು ವೈದ್ಯರು. ಮದ್ದು, ಸೂಜಿ, ಜಿಝೋಗೆ ಹರಕೆ ಎಲ್ಲ ನಡೆದವು. ಈ ವಸಂತದಲ್ಲಿ ಒಂದು ಔತಣದಲ್ಲಿ ಶ್ರುತಿ ತಪ್ಪಿತು. ಮರುದಿನವೇ ಹಿಸಾನೋ ವೃತ್ತಿ ಬಿಡುವ ಮಾತು ತೆಗೆದರು.

ಗೇಶಾ ವೃತ್ತಿ ಬಿಡುವಾಗ ಗುರುಗಳಿಗೆ, ಔತಣ ನಡೆಯುವ ಟೀ ಮನೆಗಳಿಗೆ ಡಬ್ಬಿಯಲ್ಲಿ ಅನ್ನ ಕಳಿಸುವ ಪದ್ಧತಿ ಇಲ್ಲಿದೆ. ಬರೀ ಬಿಳಿ ಅನ್ನವಾದರೆ ಇನ್ನು ಬರುವುದಿಲ್ಲ ಎಂದರ್ಥ. ಕೆಂಪು ಕಾಳು ಬೆರೆಸಿದರೆ, ಮರಳಿ ಬಂದರೂ ಬಂದೇನು ಎಂದು. ಯಾವುದೆಂದು ಅಡುಗೆಯವರಿಗೆ ಸಂಜೆಯೊಳಗೆ ಹೇಳಬೇಕಿದ್ದ ದಿನ ಹಿಸಾನೋ ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಆರಿಸುತ್ತಿದ್ದರು.

"ಕಿವಿ ಸರಿಯಾದರೆ? ಬಿಳಿ ಕಳಿಸಿದ ಮೇಲೆ ಯಾವ ಮುಖ ಇಟ್ಕೊಂಡು ಬರಲಿ? ಆಗದಿದ್ದರೆ? ಕೆಂಪು ಕಳಿಸಿದ್ದು ಸುಳ್ಳಾಗುತ್ತಲ್ಲ?"

"ನಮ್ಮ ಕಡೆ ಹೊರಡುವಾಗ ಹೋಗ್ತೀನಿ ಅನ್ನೋದಿಲ್ಲ, ಹೋಗಿ ಬರ್ತೀನಿ ಅಂತೀವಿ," ಎಂದೆ.

"ಸತ್ತವರನ್ನ ಕಳಿಸುವಾಗ?"

ನಾನು ಅವರ ಲೋಟಕ್ಕೆ ಬಿಸಿ ಕಾಫಿ ಸುರಿದೆ.

ಅಷ್ಟರಲ್ಲಿ ಅವರನ್ನೇ ಹುಡುಕಿಕೊಂಡು ಸೆತ್ಸು ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದ ಜೀವ. "ಇನ್ನೂ ಯೋಚನೆ ನಡೀತಿದೆಯಾ? ಬಿಳಿ ಕಳಿಸು."

"ಅಮ್ಮಾ, ಕಿವಿ..."

"ನಿನ್ನ ಕಿವಿ ದೇವರ ಕೈಲಿದೆ. ಅಯಾಕೋ ಇದ್ದಾಳಲ್ಲ, ನೀನೇ ಕಲಿಸಿದ ಹುಡುಗಿ? ನಿನ್ನ ಜಾಗದಲ್ಲಿ ಕೂರೋಳು ಅವಳು. ಕೆಂಪು ಕಾಳು ಹಾಕಿದೆ ಅಂದ್ಕೋ, ನೀನು ಯಾವಾಗ ಬಂದು ಎಬ್ಬಿಸ್ತೀಯೋ ಅಂತ ಅವಳು ತುದೀಲೇ ಕೂತಿರ್ತಾಳೆ."

ಹಿಸಾನೋ ಲೋಟ ಬದಿಗೆ ಸರಿಸಿದರು. ಕೊನೆಗೆ ಫೋನು ತೆಗೆದು ಬಲಗಿವಿಗಿಟ್ಟು "ಬಿಳಿ" ಎಂದರು. ಫೋನಿಟ್ಟ ಮೇಲೂ, "ತಪ್ಪಾಯ್ತಾ?" ಎಂದು ಇಬ್ಬರ ಮುಖವನ್ನೂ ನೋಡಿದರು.

ಡಬ್ಬಿಗಳು ಹೋದವು. ಮರುದಿನ ಬೆಳಿಗ್ಗೆ ನಾವಿಬ್ಬರೂ ಗುಡಿಯೆದುರು ಹೂವು ಬದಲಿಸುತ್ತಿದ್ದಾಗ ಸೆತ್ಸು ಬಂದು, ಬಟ್ಟೆಯಲ್ಲಿ ಕಟ್ಟಿದ ಡಬ್ಬಿಯೊಂದನ್ನು ಹಿಸಾನೋ ಕೈಗಿಟ್ಟರು. ಬಿಚ್ಚಿದರೆ ತಾವೇ ಬೇಯಿಸಿದ ಕೆಂಪು ಕಾಳಿನ ಅನ್ನ, ಇನ್ನೂ ಬಿಸಿ.

ಹಿಸಾನೋ ಬೆಪ್ಪಾಗಿ ನೋಡಿದರು. "ಅಮ್ಮಾ, ಬಿಳಿ ಕಳಿಸು ಅಂದವರು ನೀವೇ!"

"ಊರಿಗೆ ನೀನು ಕೊಟ್ಟಿದ್ದು ಬಿಳಿ. ಅದು ಅಯಾಕೋಗೋಸ್ಕರ. ನಿನಗೆ ಏನು ಕೊಡಬೇಕು ಅನ್ನೋದು ನನ್ನಿಷ್ಟ. ಆರೋದ್ರೊಳಗೆ ತಿನ್ನು." ಬಂದ ವೇಗದಲ್ಲೇ ಹೊರಟುಹೋದರು.

"ಹಾಗಾದರೆ ನಾನು ಬಿಟ್ಟ ಹಾಗೋ, ಬಿಡದ ಹಾಗೋ?" ಹಿಸಾನೋ ನನ್ನನ್ನು ಕೇಳಿದರು. "ಇದನ್ನೂ ಹಣೆಯಲ್ಲಿ ಬರೆದಿರುತ್ತಾ, ಕುಮುದಾ ಸಾನ್?"

ಬರೆದಿದ್ದರೂ ಓದಲು ನನಗೆಲ್ಲಿ ಬರುತ್ತದೆ? ಮನೆಗೆ ಹೋಗಿ ಎರಡು ಚಮಚ, ಸ್ವಲ್ಪ ಮಾವಿನ ಉಪ್ಪಿನಕಾಯಿ ತಂದೆ. ಹಿಸಾನೋ ಮೊದಲ ತುತ್ತನ್ನು ಎಲೆಯ ಮೇಲೆ ಜಿಝೋ ಮುಂದಿಟ್ಟರು. ಆಮೇಲೆ ಗುಡಿಯ ಪಕ್ಕದ ಕಟ್ಟೆಯ ಮೇಲೆ ಕೂತು ತಿಂದೆವು. ಅವರು ಕೆಂಪು ಕಾಳುಗಳನ್ನು ಒಂದು ಬದಿಗೆ ಸರಿಸುತ್ತಿದ್ದರು. ಬೇಡವೆಂದೋ, ಕೊನೆಗಿರಲಿ ಎಂದೋ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.