ತಂಪಣ್ಣನ ತಂತಿಯಿಲ್ಲದ ರೆಗ್ಯುಲೇಟರ್

ಆ ನಾಲ್ಕಂತಸ್ತಿನ ಕಚೇರಿಯ ಎ.ಸಿ. ಮೆಕ್ಯಾನಿಕ್‌ಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದಂತೆ ಎಲ್ಲರಿಗೂ ಅವನು ತಂಪಣ್ಣ. ಮನುಷ್ಯ ಒಳ್ಳೆಯವನೇ. ಆದರೆ ಜಗಳ ಕಂಡರೆ ಆಗದು; ಅದನ್ನು ತಪ್ಪಿಸಲು ಎಂಥ ಸುಳ್ಳಿಗೂ ಸೈ.

ಅಕೌಂಟ್ಸ್ ವಿಭಾಗದಲ್ಲಿ ಅಂಥದೊಂದು ಜಗಳ ಬೇರು ಬಿಟ್ಟಿತ್ತು. ಅಲ್ಲಿನ ಹಿರಿಯಾಕೆ ಅಕೌಂಟ್ಸ್ ಅಕ್ಕ ಶಾಲು ಹೊದ್ದೂ ನಡುಗುವವರು. ಎದುರು ಮೇಜಿನ ಸಾಹೇಬರು ಕೂತಲ್ಲೇ ಬೆವರುವವರು. ಇಬ್ಬರ ನಡುವೆ ಸಿಕ್ಕಿ ಹೈರಾಣಾದ ತಂಪಣ್ಣ, ಗುಜರಿಯ ರೆಗ್ಯುಲೇಟರೊಂದನ್ನು ಅಕ್ಕನ ಪಕ್ಕದ ಗೋಡೆಗೆ ಬಿಗಿದ. "ಅಕ್ಕಾ, ಇನ್ಮೇಲೆ ನಿಮ್ಗೆ ಬೇಕಾದಷ್ಟು ನೀವೇ ತಿರುಗಿಸ್ಕೊಳ್ಳಿ." ಅದರ ಹಿಂದೆ ಒಂದು ತಂತಿಯೂ ಇರಲಿಲ್ಲ. ಅಕ್ಕ ಟಕ್ಕೆಂದು ತಿರುಗಿಸಿ, "ಅಬ್ಬಾ, ಈಗ ಜೀವ ಬಂತು" ಎಂದು ಶಾಲು ತೆಗೆದಿಟ್ಟರು. ಅಂದಿನಿಂದ ಅವನು ಅವರಿಗೆ ತಮ್ಮನ ಸಮಾನ. ಮನೆಯಿಂದ ಏನು ತಂದರೂ ಅವನಿಗೊಂದು ಪಾಲು. ವರ್ಷಗಳು ಸುಖವಾಗಿ ಕಳೆದವು.

ಅಷ್ಟರಲ್ಲಿ ಸೆನ್ಸರ್‌ಗಳು ಬಂದವು. ತಂದವಳು ಬೇರಾರೂ ಅಲ್ಲ, ಕಚೇರಿಗೆ ಹೊಸದಾಗಿ ಸೇರಿದ ಎಂಜಿನಿಯರ್, ತಂಪಣ್ಣನ ತಂಗಿಯ ಮಗಳು. ಬೆಂಕಿಪೊಟ್ಟಣದಂಥ ಅಗ್ಗದ ಡಬ್ಬಿಗಳನ್ನು ಕೋಣೆಗೊಂದರಂತೆ ಅಂಟಿಸಿದಳು.

"ಮಾವ, ಯಾವ ಕೋಣೆ ಎಷ್ಟು ಬಿಸಿ ಅಂತ ಇವು ವೈಫೈಯಲ್ಲಿ ಕಳಿಸ್ತಾನೇ ಇರ್ತವೆ. ಎಲ್ಲರ ಮೊಬೈಲಲ್ಲೂ ಕಾಣುತ್ತೆ."

"ಎಲ್ಲರದ್ರಲ್ಲೂ ಯಾಕಮ್ಮಾ?"

"ಮುಚ್ಚಿಡೋಕೆ ಏನಿದೆ ಮಾವ?"

ತಂಪಣ್ಣ ಅಕ್ಕನ ಪಕ್ಕದ ಗೋಡೆಯ ಕಡೆ ನೋಡಿದ. ಅಕ್ಕ ತಿರುಗಿಸಿದರೂ ಅಂಕಿ ಅಲ್ಲಾಡದಿದ್ದರೆ? ಇಷ್ಟು ವರ್ಷ ನನ್ನನ್ನು ಆಟವಾಡಿಸಿದ ಎಂದುಕೊಂಡರೆ? ಬೈದರೆ ಬೈಯಲಿ, ಅವರ ಮುಖ ಸಪ್ಪಗಾಗುವುದನ್ನು ಅವನಿಂದ ನೋಡಲಾಗದು. ತಂತಿ ಎಳೆಯೋಣವೆಂದರೆ ಗೋಡೆ ಒಡೆಯಬೇಕು; ಗೋಡೆ ಒಡೆದರೆ ಗುಟ್ಟು ಬಯಲು.

ಹಾಗಾಗಿ ತಾನೇ ತಂತಿಯಾದ. ಕಾರಿಡಾರಿನ ಸ್ಟೂಲಿನ ಮೇಲೆ ಕಿವಿಗೊಟ್ಟು ಕೂರುವುದು. ಒಳಗೆ ಟಕ್ಕೆಂದರೆ ತಾರಸಿಗೆ ಓಡಿ, ಆ ಕೋಣೆಗೆ ತಂಪುಗಾಳಿ ಬಿಡುವ ಮುಚ್ಚಳವನ್ನು ಕೈಯಾರೆ ತಿರುಗಿಸುವುದು. ಏದುಸಿರು ಬಿಡುತ್ತ ಇಳಿದು ಕೂತನೋ ಇಲ್ಲವೋ, ಮತ್ತೆ ಟಕ್. ಹೊಟ್ಟೆ ಕರಗಿತು. "ಈ ವಯಸ್ಸಲ್ಲಿ ಯಾರಿಗೋಸ್ಕರ ಸಣ್ಣ ಆಗ್ತಿದೀರಿ?" ಎಂದು ಹೆಂಡತಿ ಕಣ್ಣು ಕಿರಿದಾಗಿಸಿದಳು. ಕೋಣೆ ಈಗ ನಿಜವಾಗಿಯೂ ಬಿಸಿಯಾಗುತ್ತಿದ್ದುದರಿಂದ ಸಾಹೇಬರ ಕರವಸ್ತ್ರ ಒಣಗುವುದೇ ನಿಂತಿತು. ಕೊನೆಗೆ ಮಂಡಿ ಊದಿ ತಂಪಣ್ಣ ಒಂದು ದಿನ ರಜ ಹಾಕಬೇಕಾಯಿತು.

ಅದೇ ವಾರ ಹುಡುಗಿ ಎಲ್ಲರೆದುರು ಅಕೌಂಟ್ಸ್ ಕೋಣೆಯ ಬಿಸಿಯ ಗ್ರಾಫ್ ತೋರಿಸಿದಳು. ದಿನವೂ ಏರಿಳಿಯುವ ಗೆರೆ ಅವನ ರಜದ ದಿನ ಮಾತ್ರ ಸ್ಕೇಲು ಇಟ್ಟು ಎಳೆದಂತಿತ್ತು.

"ಅವತ್ತು ನೀವು ರೆಗ್ಯುಲೇಟರ್ ಮುಟ್ಟಲೇ ಇಲ್ವಾ ಮೇಡಂ?"

ಅಕ್ಕ ಅಂದು ಅದನ್ನು ಬೆರಳು ನೋಯುವಷ್ಟು ತಿರುಗಿಸಿದ್ದರು. ಗೆರೆಯನ್ನು ನೋಡಿದರು, ಕುಂಟುತ್ತ ಬಂದು ಬಾಗಿಲಲ್ಲಿ ನಿಂತವನನ್ನು ನೋಡಿದರು.

"ಇಲ್ಲ ಕಣಮ್ಮ. ಅವತ್ತು ಬೇಕು ಅನ್ನಿಸ್ಲಿಲ್ಲ."

ಎಲ್ಲರೂ ಚದುರಿದ ಮೇಲೆ ಅಕ್ಕ ಕಾರಿಡಾರಿಗೆ ಬಂದರು. ತಂಪಣ್ಣ ತಲೆ ತಗ್ಗಿಸಿ, "ಕೋಪ ಬಂತಾ ಅಕ್ಕಾ?" ಎಂದ.

"ಬರದೆ ಇರುತ್ತಾ? ಮೆಟ್ಟಿಲಲ್ಲಿ ಬಿದ್ದು ಏನಾದ್ರೂ ಆಗಿದ್ರೆ ನಿನ್ನ ಹೆಂಡ್ತಿಗೆ ಏನಂತ ಹೇಳ್ತಿದ್ದೆ ನಾನು?" ಅವರ ಕಣ್ಣು ಒದ್ದೆಯಾಗಿತ್ತು. "ಇನ್ಮೇಲೆ ಓಡ್ಬೇಡ. ಶಾಲು ಇದೆ ನಂಗೆ."

"ಹಾಗಾದ್ರೆ ಅದನ್ನ ಗೋಡೆಯಿಂದ ತೆಗೆದುಬಿಡ್ಲಾ?"

"ಅಯ್ಯೋ, ತೆಗೀಬೇಡ್ವೋ!" ಅಕ್ಕ ಒಳಗೆ ಇಣುಕಿ ದನಿ ತಗ್ಗಿಸಿದರು. "ಪಾಪ, ಆ ಸಾಹೇಬ್ರಿಗೂ ಒಂದು ಹಾಕ್ಕೊಡು."